ತಲಾಖ್ ಆದದ್ದು ಗಂಡ ಹೆಂಡತಿಗೆ, ಮಗುವಿಗಲ್ಲ

"ಮಗು ನಿನ್ನ ಹತ್ರವೇ ಇರಲಿ, ಖರ್ಚು ಮಾತ್ರ ಕೇಳಬೇಡ." ಕರಾವಳಿಯ ಜಮಾಅತ್ ಕಚೇರಿಗಳಲ್ಲಿ ತಲಾಖ್, ಖುಲಾದ ಮಾತುಕತೆ ಎಷ್ಟೋ ಸಲ ಕೊನೆಗೆ ಬಂದು ನಿಲ್ಲುವುದು ಈ ಒಂದು ವಾಕ್ಯಕ್ಕೆ. ಘಟ್ಟದ ಮೇಲೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಅಂಜುಮನ್ ಹಿರಿಯರು ಕೂತಲ್ಲಿ ಇದೇ ಮಾತು "ಕೂಸು ನೀನ ಇಟ್ಕೊಳವಾ, ರೊಕ್ಕ ಕೇಳಬ್ಯಾಡ" ಎಂದಾಗುತ್ತದೆ. ಧಾಟಿ ಬೇರೆ, ಒಪ್ಪಂದ ಒಂದೇ. ಮಗುವನ್ನು ಕಸಿದುಕೊಂಡಾರು ಎಂಬ ಹೆದರಿಕೆಗೆ ತಾಯಿ ಒಪ್ಪುತ್ತಾಳೆ, ಮುಚ್ಚಳಿಕೆಗೆ ಸಹಿ ಬೀಳುತ್ತದೆ, ಸಲಾಂ ಹೇಳಿ ಎಲ್ಲರೂ ಎದ್ದು ಹೋಗುತ್ತಾರೆ. ಶಾಲೆಯ ಫೀಸು, ಜ್ವರ ಬಂದರೆ ಆಸ್ಪತ್ರೆ, ಪೆರ್ನಾಲ್ ಬಟ್ಟೆ ಎಲ್ಲವೂ ಅಲ್ಲಿಂದ ತಾಯಿಯ ತವರಿನ ಲೆಕ್ಕಕ್ಕೆ.

ಆ ಮುಚ್ಚಳಿಕೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ತನ್ನ ಮಹ್ರ್ ಬಿಟ್ಟುಕೊಡಲು ತಾಯಿಗೆ ಅಧಿಕಾರವಿದೆ. ಮಗುವಿನ ಪಾಲನ್ನು ಬಿಟ್ಟುಕೊಡಲು ಆಕೆಗೂ ಅಧಿಕಾರವಿಲ್ಲ, ಬಿಡಿಸಿಕೊಡಲು ಹಿರಿಯರಿಗೂ ಇಲ್ಲ. ಜೀವನಾಂಶ ಮಗುವಿನ ಹಕ್ಕು. ತಾಯಿ ಅದನ್ನು ಮಗುವಿನ ಪರವಾಗಿ ಕೇಳುವವಳು ಮಾತ್ರ.

ನಮ್ಮ ಹಲವು ಮನೆಗಳಿಗೆ ವ್ಯಾಪಾರದ ಮೂಲಕ, ಮದುವೆಯ ಮೂಲಕ ಈ ಮೂರು ಊರುಗಳ ನಂಟಿದೆ. ಬ್ಯಾಡಗಿ ಮೆಣಸು ಇಲ್ಲದೆ ನಮ್ಮ ಅಡುಗೆಮನೆ ನಡೆಯುವುದಿಲ್ಲ ಎಂಬುದು ಹೇಗೂ ಇದ್ದದ್ದೇ. ಸಂಬಂಧ ಮುರಿದಾಗ ಮಾತ್ರ ಘಟ್ಟದ ಮೇಲೊಂದು ಕಾನೂನು, ಕೆಳಗೊಂದು ಕಾನೂನು ಎಂಬಂತೆ ಗೊಂದಲ ಹುಟ್ಟುತ್ತದೆ. ಅದನ್ನು ಬಿಡಿಸಿಕೊಳ್ಳುವುದು ಈ ವಾರ ನಮ್ಮ ಉದ್ದೇಶ.

ಮೊದಲಿಗೆ ಎಲ್ಲರ ಬಾಯಲ್ಲಿರುವ "ಎರಡು ವರ್ಷ" ಎಂಬ ಮಾತು. ಮುಸ್ಲಿಂ ತಂದೆ ಮಗುವಿಗೆ ಎರಡು ವರ್ಷ ಕೊಟ್ಟರೆ ಸಾಕು ಅಂತ ಹೇಳುವವರು ವಕೀಲರ ಪೈಕಿಯೂ ಇದ್ದಾರೆ. ಇದು ಹುಟ್ಟಿದ್ದು 1986ರ ಕಾಯ್ದೆಯಿಂದ. 1985ರ ಏಪ್ರಿಲ್ 23ರಂದು ಶಾಬಾನು ತೀರ್ಪು ಬಂತು. ಅಲ್ಲಿ ಜಗಳವಾಗಿದ್ದ ಮೊತ್ತ ತಿಂಗಳಿಗೆ 179 ರೂಪಾಯಿ 20 ಪೈಸೆ! ಅದರ ಮೇಲೆ ಎದ್ದ ಗದ್ದಲದ ನಂತರ ಬಂದ ಕಾಯ್ದೆ, ವಿಚ್ಛೇದಿತ ತಾಯಿ ಮಗುವನ್ನು ಸಾಕುತ್ತಿದ್ದರೆ ಮಗು ಹುಟ್ಟಿದಂದಿನಿಂದ ಎರಡು ವರ್ಷ ಆಕೆಗೆ ಖರ್ಚು ಕೊಡಬೇಕು ಎಂದಿತು. ಜನ ಅದನ್ನೇ ಹಿಡಿದುಕೊಂಡರು. 1997ರಲ್ಲಿ ಸುಪ್ರೀಂ ಕೋರ್ಟ್ ಗಂಟು ಬಿಚ್ಚಿತು: ಆ ಎರಡು ವರ್ಷದ ಹಣ ತಾಯಿಗೆ ಸಲ್ಲುವ ಹೆಚ್ಚುವರಿ ಹಣ, ಮಗುವಿನ ಸ್ವಂತ ಹಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ದುಡಿಯುವ ಶಕ್ತಿ ಇರುವ ತಂದೆ ಮಕ್ಕಳು ಪ್ರಾಯಕ್ಕೆ ಬರುವವರೆಗೆ, ಹೆಣ್ಣುಮಕ್ಕಳಾದರೆ ಮದುವೆಯಾಗುವವರೆಗೆ ನೋಡಿಕೊಳ್ಳಬೇಕು. ಈ ತೀರ್ಪು ಬಂದು ಕಾಲು ಶತಮಾನ ದಾಟಿದರೂ ನಮ್ಮ ಪಂಚಾಯಿತಿಗಳಿಗೆ ಅದು ಇನ್ನೂ ತಲುಪಿಲ್ಲ.

ಧರ್ಮದ ಮಾತು ತೆಗೆದರೂ ಉತ್ತರ ಬದಲಾಗದು. ಮಗುವಿಗೆ ಹಾಲುಣಿಸುವ ತಾಯಿಯ ಅನ್ನ ಬಟ್ಟೆಯ ಹೊಣೆ ತಂದೆಯದು ಎಂಬುದು ಸೂರಾ ಅಲ್ ಬಖರಾದ 233ನೇ ವಚನದಲ್ಲೇ ಇದೆ. ಮಹ್ರ್ ವಿಚಾರದಲ್ಲಿ ಗ್ರಾಂ ಲೆಕ್ಕ ಮಾಡುವ ನಾವು ಇಲ್ಲಿ ಮಾತ್ರ ಮರೆಗುಳಿಗಳಾಗುವುದು ಏಕೋ ಅರ್ಥವಾಗದು.

ಈಗ ಹೆಂಡತಿಯ ವಿಚಾರ. 2001ರಲ್ಲಿ ಡ್ಯಾನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇದ್ದತ್ ಅವಧಿಯೊಳಗೆ ಕೊಡಬೇಕಾದದ್ದು ಆಕೆಯ ಮುಂದಿನ ಬದುಕಿಗೂ ಸಾಲುವಂತಿರಬೇಕು ಎಂದಿತ್ತು. 2024ರ ಜುಲೈ 10ರಂದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ತೆಲಂಗಾಣದ ಆ ಪ್ರಕರಣದಲ್ಲಿ ಹೈಕೋರ್ಟ್ ತಿಂಗಳಿಗೆ 10,000 ರೂಪಾಯಿ ಮಧ್ಯಂತರ ಜೀವನಾಂಶ ಕೊಡಲು ಹೇಳಿತ್ತು. ಗಂಡ 1986ರ ಕಾಯ್ದೆ ತೋರಿಸಿ ಸುಪ್ರೀಂ ಕೋರ್ಟಿಗೆ ಹೋದ, ಸೋತ. ವಿಚ್ಛೇದಿತ ಮುಸ್ಲಿಂ ಮಹಿಳೆ ಎಲ್ಲರಂತೆ ಸಾಮಾನ್ಯ ಕಾನೂನಿನ 125ನೇ ಕಲಂನಡಿಯೂ ಕೇಳಬಹುದು ಎಂದು ಪೀಠ ಹೇಳಿತು. ಪೀಠದಲ್ಲಿದ್ದ, ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ, ಮನೆವಾರ್ತೆ ನೋಡಿಕೊಳ್ಳುವ ಹೆಂಡತಿಗೆ ಜಂಟಿ ಖಾತೆ, ಎಟಿಎಂ ಕಾರ್ಡು ಕೊಡುವ ಮಾತನ್ನೂ ಎತ್ತಿದರು. ಜಗಳ ಹುಟ್ಟುವ ಮೊದಲೇ ಮಾಡಬೇಕಾದ ಕೆಲಸ ಅದು.

ಆ 125ನೇ ಕಲಂ ಈಗ ಹಳೇ ಹೆಸರು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಬಂದಿದೆ. ಮಧ್ಯಂತರ ಜೀವನಾಂಶದ ಅರ್ಜಿಯನ್ನು, ಎದುರಾಳಿಗೆ ನೋಟಿಸು ಮುಟ್ಟಿದ 60 ದಿನಗಳೊಳಗೆ ಸಾಧ್ಯವಾದಷ್ಟೂ ಮುಗಿಸಬೇಕು. ಮೊತ್ತಕ್ಕೆ ಮಿತಿಯಿಲ್ಲ; ಹಿಂದಿದ್ದ 500 ರೂಪಾಯಿ ಮಿತಿಯನ್ನು 2001ರಲ್ಲೇ ತೆಗೆದುಹಾಕಲಾಗಿದೆ.

"ಮಹ್ರ್ ಕೊಟ್ಟಾಯ್ತು, ಇನ್ನೇನು?" ಎನ್ನುವವರಿಗೆ ನಮ್ಮದೇ ಹೈಕೋರ್ಟಿನ ಒಂದು ತೀರ್ಪು ಓದಿ ಹೇಳಬೇಕು. ಬೆಂಗಳೂರಿನ ಒಬ್ಬರು 1991ರಲ್ಲಿ 5,000 ರೂಪಾಯಿ ಮಹ್ರ್ ಕೊಟ್ಟು ತಲಾಖ್ ಹೇಳಿದ್ದರು. ಹೆಂಡತಿ 2002ರಲ್ಲಿ ದಾವೆ ಹೂಡಿದರು. 2011ರಲ್ಲಿ ಕುಟುಂಬ ನ್ಯಾಯಾಲಯ ತಿಂಗಳಿಗೆ 3,000 ಕೊಡಲು ಆದೇಶಿಸಿತು. ಅದನ್ನೂ ಕೊಡದೆ ಎಳೆದಾಡಿದ್ದಕ್ಕೆ 2021ರ ಅಕ್ಟೋಬರ್‌ನಲ್ಲಿ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅರ್ಜಿ ವಜಾ ಮಾಡಿ 25,000 ರೂಪಾಯಿ ದಂಡ ವೆಚ್ಚ ಹಾಕಿದರು. ನಿಕಾಹ್ ಒಂದು ಕರಾರು ನಿಜ, ಆದರೆ ಕರಾರು ಮುರಿದ ಕೂಡಲೇ ಅದರಿಂದ ಹುಟ್ಟಿದ ಹೊಣೆಗಳೆಲ್ಲ ಅಳಿಸಿಹೋಗುವುದಿಲ್ಲ ಎಂಬುದು ಅದರ ಸಾರ. ಮೂವತ್ತು ವರ್ಷ! ಹಣಕ್ಕಿಂತ ಹೆಚ್ಚು ಕಳೆದುಹೋದದ್ದು ಆ ಹೆಣ್ಣಿನ ಆಯುಷ್ಯ.

ಇನ್ನು ಆದಾಯದ ಲೆಕ್ಕ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಯಾವಾಗ ಏರುತ್ತದೆ, ಯಾವಾಗ ಬೀಳುತ್ತದೆ ಹೇಳಲಾಗದು. 2024ರ ಮಾರ್ಚ್‌ನಲ್ಲಿ ದರ ಕುಸಿದು ಸಿಟ್ಟಿಗೆದ್ದ ರೈತರು ಎಪಿಎಂಸಿಯಲ್ಲಿ ವಾಹನಗಳಿಗೆ ಬೆಂಕಿ ಇಟ್ಟದ್ದು ನೆನಪಿರಬಹುದು. "ಈ ವರ್ಷ ಮಾರ್ಕೆಟ್ಟೇ ಇಲ್ರಿ, ಎಲ್ಲಿಂದ ಕೊಡ್ಲಿ" ಎನ್ನುವ ವ್ಯಾಪಾರಿಯ ಮಾತು ಯಾವಾಗಲೂ ಸುಳ್ಳೇ ಆಗಿರಬೇಕೆಂದಿಲ್ಲ. ಆದರೆ ಬಾಯಿಮಾತು ಕೋರ್ಟಿಗೆ ಸಾಲುವುದಿಲ್ಲ. 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಒಂದು ಪದ್ಧತಿ ಹಾಕಿಕೊಟ್ಟಿದೆ: ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚನ್ನೆಲ್ಲ ಅಫಿಡವಿಟ್‌ನಲ್ಲಿ ಬರೆದು ಕೊಡಬೇಕು. ಬ್ಯಾಂಕ್ ಖಾತೆ, ವಾಹನ, ಅಂಗಡಿ, ಗೋದಾಮು, ಹೊಲ ಎಲ್ಲವೂ ಅದರೊಳಗೆ ಬರುತ್ತವೆ. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕು ಎಂದೂ ಅದೇ ತೀರ್ಪು ಹೇಳಿದೆ. ಹಾಗಾಗಿ ವಾಯಿದೆ ಮೇಲೆ ವಾಯಿದೆ ಕೇಳಿದಷ್ಟೂ ಬಾಕಿ ಬೆಳೆಯುತ್ತದೆ.

ಹೆಂಡತಿ ಒಂದಿಷ್ಟು ದುಡಿಯುತ್ತಾಳೆ ಎಂಬ ಕಾರಣಕ್ಕೂ ಅರ್ಜಿ ಬೀಳುವುದಿಲ್ಲ. ಮೆಣಸಿನಕಾಯಿಯ ತೊಟ್ಟು ಬಿಡಿಸಿಯೋ, ಬೀಡಿ ಕಟ್ಟಿಯೋ, ಹೊಲಿಗೆ ಹಾಕಿಯೋ ನಾಲ್ಕು ಕಾಸು ತರುವವಳು "ತನ್ನನ್ನು ತಾನು ಸಾಕಿಕೊಳ್ಳಬಲ್ಲವಳು" ಆಗಿಬಿಡುವುದಿಲ್ಲ; ಗಂಡನ ಮನೆಯಲ್ಲಿದ್ದ ಮಟ್ಟದ ಬದುಕು ನಡೆಯುತ್ತದೆಯೇ ಎಂದು ಕೋರ್ಟ್ ನೋಡುತ್ತದೆ. ಆಕೆಗೆ ಒಳ್ಳೆಯ ಸಂಬಳವೇ ಇದ್ದರೂ ಮಗುವಿನ ಪಾಲು ಬೇರೆ.

ಮಗು ಯಾರ ಹತ್ತಿರ ಇರಬೇಕು ಎಂಬ ಪ್ರಶ್ನೆಗೆ ಬರೋಣ. ಇಲ್ಲಿ ನಮ್ಮವರಿಗೆ ಇನ್ನೊಂದು ತೊಡಕು. ಬ್ಯಾರಿಗಳು ಹೆಚ್ಚಿನವರು ಶಾಫಿಈ ಮದ್‌ಹಬ್‌ನವರು. ಹಾವೇರಿ ಕಡೆಯ ಮುಸ್ಲಿಮರು ಹೆಚ್ಚಾಗಿ ಹನಫಿಗಳು. ಹನಫಿ ಪದ್ಧತಿಯಲ್ಲಿ ಗಂಡುಮಗು ಏಳು ವರ್ಷದವರೆಗೆ, ಹೆಣ್ಣುಮಗು ಪ್ರೌಢಳಾಗುವವರೆಗೆ ತಾಯಿಯ ಬಳಿ. ಶಾಫಿಈ ಪದ್ಧತಿಯಲ್ಲಿ ಏಳರ ಆಸುಪಾಸಿನಲ್ಲಿ ಮಗುವಿಗೆ ತಿಳಿವಳಿಕೆ ಬಂದ ಮೇಲೆ ಉಪ್ಪನೋ ಉಮ್ಮನೋ ಎಂದು ಅದನ್ನೇ ಕೇಳುತ್ತಾರೆ. ಮಂಗಳೂರಿನ ಉಸ್ತಾದರು ಒಂದು ಹೇಳಿದರು, ರಾಣೆಬೆನ್ನೂರಿನ ಮೌಲಾನಾ ಇನ್ನೊಂದು ಹೇಳಿದರು ಎಂಬ ಜಗಳಕ್ಕೆ ಮೂಲ ಇದೇ. ಇಬ್ಬರೂ ತಪ್ಪು ಹೇಳಿಲ್ಲ.

ಕೋರ್ಟು ಮಾತ್ರ ಇದನ್ನು 1890ರ ಪಾಲಕರು ಮತ್ತು ಪಾಲಿತರ ಕಾಯ್ದೆಯಡಿ ನೋಡುತ್ತದೆ. ಮಗುವಿಗೆ ಅನ್ವಯಿಸುವ ವೈಯಕ್ತಿಕ ಕಾನೂನನ್ನು ಗಮನಿಸುತ್ತದೆ, ಕೊನೆಗೆ ತೂಕಕ್ಕೆ ಇಡುವುದು ಮಗುವಿನ ಹಿತವನ್ನು. ಬುದ್ಧಿ ಬಂದ ಮಗುವಿನ ಇಷ್ಟವನ್ನೂ ಕೇಳಬಹುದು ಎಂದು 17ನೇ ಕಲಂ ಹೇಳುತ್ತದೆ. ನಮ್ಮ ಶಾಫಿಈ ಪದ್ಧತಿಗೆ ಇದು ಹತ್ತಿರವೇ ಇದೆಯಲ್ಲವೇ? ಏಳು ತುಂಬಿದ ಮರುದಿನ ಜೀಪು ತಂದು ಹುಡುಗನನ್ನು ಎತ್ತಿಕೊಂಡು ಹೋಗಲು ಯಾವ ಕಾನೂನೂ ಒಪ್ಪುವುದಿಲ್ಲ. ತಾಯಿ ಮರುಮದುವೆಯಾದ ಮಾತ್ರಕ್ಕೆ ಮಗು ತಾನಾಗಿ ತಂದೆಯ ಪಾಲಾಗುವುದೂ ಇಲ್ಲ. ಪೊಲೀಸ್ ಠಾಣೆಗೆ ಹೋಗಿ "ಮಗು ಕೊಡಿಸಿ" ಎಂದರೆ ಅದನ್ನು ತೀರ್ಮಾನಿಸುವ ಅಧಿಕಾರ ಸಬ್ ಇನ್‌ಸ್ಪೆಕ್ಟರ್‌ಗಿಲ್ಲ.

ತಂದೆಯನ್ನೂ ಮರೆಯಬಾರದು. ಖರ್ಚು ಕೊಡುತ್ತೇನೆ, ಮಗುವಿನ ಮುಖ ತೋರಿಸಿ ಎಂದು ಬೇಡುವ ಗಂಡಸರೂ ಇದ್ದಾರೆ, ಅವರ ಸಂಕಟ ಸಣ್ಣದಲ್ಲ. ಭೇಟಿಯ ಹಕ್ಕನ್ನು ಕೋರ್ಟಿನಿಂದ ಪಡೆಯಬಹುದು. ದೂರದೇಶದಲ್ಲಿರುವ ತಂದೆ ಅಥವಾ ತಾಯಿ ಮಗುವಿನ ಜೊತೆ ಫೋನ್, ವಿಡಿಯೊ ಕರೆಯಲ್ಲಿ ಮಾತಾಡಲು ಅವಕಾಶ ಬೇಕೆಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದುಬೈ, ದಮಾಮ್‌ನಲ್ಲಿ ಕೂತ ನಮ್ಮ ಹುಡುಗರಿಗೆ ಇದು ಗೊತ್ತಿರಲಿ. ಹಾಗೆಂದು ಮಗು ತೋರಿಸಲಿಲ್ಲ ಅಂತ ಹಣ ನಿಲ್ಲಿಸುವುದು, ಹಣ ಬರಲಿಲ್ಲ ಅಂತ ಮಗುವನ್ನು ಅಡಗಿಸಿಡುವುದು ಎರಡೂ ಒಂದೇ ಬಗೆಯ ಅನ್ಯಾಯ.

ಎಲ್ಲಿ ಕೇಸು ಹಾಕಬೇಕು? ಜೀವನಾಂಶದ ಅರ್ಜಿಯನ್ನು ಹೆಂಡತಿ ಈಗ ವಾಸವಿರುವ ಊರಿನಲ್ಲೇ ಹಾಕಬಹುದು. ರಾಣೆಬೆನ್ನೂರಿನಿಂದ ಪುತ್ತೂರಿನ ತವರಿಗೆ ಬಂದವಳು ಅದಕ್ಕಾಗಿ ಮತ್ತೆ ಘಟ್ಟ ಹತ್ತಬೇಕಾಗಿಲ್ಲ. ಗಂಡ ಗಲ್ಫ್‌ನಲ್ಲಿದ್ದರೂ ಅಡ್ಡಿಯಿಲ್ಲ. ಮಗುವಿನ ಸುಪರ್ದಿಯ ಅರ್ಜಿ ಬೇರೆ: ಮಗು ಸಾಮಾನ್ಯವಾಗಿ ವಾಸವಿರುವ ಊರಿನ ಕೋರ್ಟಿಗೇ ಅದು ಹೋಗಬೇಕು. ಹೋದ ತಿಂಗಳವರೆಗೆ ಹಾವೇರಿಯ ಶಾಲೆಯಲ್ಲಿ ಓದುತ್ತಿದ್ದ ಮಗುವನ್ನು ಕರೆತಂದು ಇಲ್ಲಿ ಕೇಸು ಹಾಕಿದರೆ, ಅದರ ವಾಸಸ್ಥಳ ಹಾವೇರಿಯೇ ಎಂದು ಎದುರು ಪಕ್ಷ ವಾದಿಸದೆ ಬಿಡುವುದಿಲ್ಲ. ಆದ್ದರಿಂದ ಶಾಲೆಯಿಂದ ಟಿ.ಸಿ. ತೆಗೆಸುವ ಮೊದಲು ವಕೀಲರನ್ನು ಕಾಣುವುದು ಒಳ್ಳೆಯದು. ಮೇಲ್ಮನವಿಯ ದಾರಿಯೂ ಬೇರೆ: ಹಾವೇರಿ ಜಿಲ್ಲೆಯದು ಹೈಕೋರ್ಟಿನ ಧಾರವಾಡ ಪೀಠಕ್ಕೆ, ದಕ್ಷಿಣ ಕನ್ನಡದ್ದು ಬೆಂಗಳೂರಿಗೆ.

ತಲಾಖ್‌ನ ಬಗ್ಗೆ ಎರಡು ಮಾತು. ಒಂದೇ ಉಸಿರಿನ ಮೂರು ತಲಾಖ್ 2017ರ ಆಗಸ್ಟ್ 22ರ ಶಾಯರಾ ಬಾನು ತೀರ್ಪಿನಿಂದ ಬಿದ್ದುಹೋಗಿದೆ. 2019ರ ಕಾಯ್ದೆ ಅದನ್ನು ಮೂರು ವರ್ಷದವರೆಗೆ ಜೈಲಿನ ಅಪರಾಧ ಮಾಡಿದೆ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದೂ ಸೇರಿ. ಅಂಥ ತಲಾಖ್‌ನಿಂದ ಮದುವೆ ಮುರಿಯುವುದೇ ಇಲ್ಲ. ಆಕೆ ಇನ್ನೂ ಹೆಂಡತಿ, ತನಗೂ ಮಕ್ಕಳಿಗೂ ಖರ್ಚು ಕೇಳಬಹುದು, ಚಿಕ್ಕ ಮಕ್ಕಳ ಸುಪರ್ದಿಯೂ ಆಕೆಗೇ. ಕ್ರಮಬದ್ಧ ತಲಾಖ್ ಆದರೂ ಸಕಾರಣವಿರಬೇಕು, ಎರಡೂ ಕಡೆಯ ಮಧ್ಯಸ್ಥರಿಂದ ಸಂಧಾನ ನಡೆದಿರಬೇಕು ಎಂದು 2002ರ ಶಮೀಮ್ ಆರಾ ತೀರ್ಪು ಹೇಳಿದೆ. ಗಂಡನನ್ನು ಜೈಲಿಗೆ ಕಳಿಸಿದರೆ ಹಣ ಯಾರು ತರುತ್ತಾರೆ ಎಂಬ ಪ್ರಶ್ನೆ ಹೆಂಗಸರೇ ಕೇಳುತ್ತಾರೆ, ನ್ಯಾಯವಾದ ಪ್ರಶ್ನೆಯೇ. ಜೀವನಾಂಶದ ಅರ್ಜಿಗೆ ಪೊಲೀಸ್ ದೂರು ಬೇಕಾಗಿಲ್ಲ ಎಂಬುದು ಅದಕ್ಕೆ ನಮ್ಮ ಉತ್ತರ. ಗಂಡ ತಲಾಖ್ ಕೊಡದೆ, ಖರ್ಚೂ ಕೊಡದೆ ಎರಡು ವರ್ಷ ಕಳೆದರೆ 1939ರ ಕಾಯ್ದೆಯಡಿ ಹೆಂಡತಿಯೇ ವಿಚ್ಛೇದನ ಕೇಳಬಹುದು. ಮಹ್ರ್ ಹಕ್ಕು ಹೋಗುವುದಿಲ್ಲ.

ಜಮಾಅತ್, ಅಂಜುಮನ್‌ಗಳು ಕೈಕಟ್ಟಿ ಕೂರಬೇಕೆಂದು ನಾವು ಹೇಳುತ್ತಿಲ್ಲ. ಫತ್ವಾಕ್ಕೆ ಕಾನೂನಿನ ಬಲವಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದ್ದರೂ, ಮನೆ ಜಗಳ ತಣಿಸಲು ಖತೀಬರ ಒಂದು ಮಾತು ಮಾಡುವ ಕೆಲಸ ನೋಟಿಸು ಮಾಡದು. ಮಾಡಿದ ರಾಜಿ ಗಟ್ಟಿಯಾಗಲಿ ಅಷ್ಟೇ. ಮಗುವಿಗೆ ತಿಂಗಳಿಗೆ ಎಷ್ಟು, ಯಾವ ತಾರೀಕು, ಯಾವ ಖಾತೆಗೆ, ವರ್ಷಕ್ಕೆ ಎಷ್ಟು ಏರಿಕೆ, ತಂದೆಯ ಭೇಟಿ ಯಾವ ವಾರ ಎಂದು ಬರೆಯಿರಿ. ಆ ಕಾಗದವನ್ನು ಕಾನೂನು ಸೇವಾ ಪ್ರಾಧಿಕಾರದ ಮೂಲಕ ಲೋಕ್ ಅದಾಲತ್‌ಗೆ ಒಯ್ದರೆ ಅದು ಕೋರ್ಟಿನ ಡಿಕ್ರಿಗೆ ಸಮವಾಗುತ್ತದೆ. ವಿಚ್ಛೇದನವನ್ನು ಮಾತ್ರ ಅಲ್ಲಿ ಕೊಡಿಸಲಾಗದು.

ದುಡ್ಡಿಲ್ಲ ಎಂದು ಹಿಂಜರಿಯಬೇಕಿಲ್ಲ. ಹೆಂಗಸರು, ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಸರಕಾರಿ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಜಿಲ್ಲಾ ಪ್ರಾಧಿಕಾರ ಹಾವೇರಿಯಲ್ಲಿ, ತಾಲ್ಲೂಕು ಸಮಿತಿಗಳು ರಾಣೆಬೆನ್ನೂರು, ಬ್ಯಾಡಗಿ ಕೋರ್ಟುಗಳಲ್ಲಿ ಇವೆ. ಕರಾವಳಿಯ ತಾಲ್ಲೂಕುಗಳಲ್ಲೂ ಹಾಗೇ. ಸಹಾಯವಾಣಿ 15100. ಹೋಗುವಾಗ ನಿಕಾಹ್ ದಾಖಲೆ, ಮಗುವಿನ ಜನನ ಪ್ರಮಾಣಪತ್ರ, ಶಾಲೆಯ ರಸೀದಿಗಳು ಜೊತೆಗಿರಲಿ.

ಆದೇಶ ಕೈಗೆ ಬಂದ ಮೇಲೂ ಒಂದು ತಾರೀಕು ಮರೆಯಬೇಡಿ. ಬಾಕಿ ವಸೂಲಿಗೆ ವಾರಂಟ್ ಕೇಳುವ ಅರ್ಜಿಯನ್ನು ಹಣ ಬರಬೇಕಾಗಿದ್ದ ದಿನದಿಂದ ಒಂದು ವರ್ಷದೊಳಗೆ ಹಾಕಬೇಕು. ಕೊಡಬಹುದು, ಕೊಟ್ಟಾನು ಎಂದು ಎರಡು ವರ್ಷ ಕಾದರೆ ಹಿಂದಿನ ತಿಂಗಳುಗಳ ಹಣ ಈ ದಾರಿಯಲ್ಲಿ ಸಿಗುವುದು ಕಷ್ಟ. ಕೊಡದವನನ್ನು ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲಿಗೆ ಹಾಕಬಹುದು, ಮತ್ತು ಜೈಲಿನಲ್ಲಿ ಕೂತು ಬಂದರೂ ಆ ಬಾಕಿ ತೀರಿತು ಎಂದಾಗುವುದಿಲ್ಲ.