ಗ್ರಹಣದ ದಿನ ಕ್ಯಾಮೆರಾಗೂ ಕೊಡೆ ಬೇಕು

2027ರ ಆಗಸ್ಟ್ 2ರಂದು ಈಜಿಪ್ಟಿನ ಲಕ್ಸರ್‌ನಲ್ಲಿ ನಡುಹಗಲಿನ ಸೂರ್ಯ ಆರು ನಿಮಿಷಕ್ಕೂ ಹೆಚ್ಚು ಹೊತ್ತು ಪೂರ್ತಿ ಮರೆಯಾಗಲಿದ್ದಾನೆ. ಅದೇ ನೆರಳು ಕೆಂಪು ಸಮುದ್ರ ದಾಟಿ ಜಿದ್ದಾ, ಮೆಕ್ಕಾಗಳ ಮೇಲೂ ಹಾಯುತ್ತದೆ. ನಮ್ಮ ಕರಾವಳಿಯ ಎಷ್ಟೋ ಮಂದಿ ದುಡಿಯಲು ಹೋಗಿ ನೆಲೆಸಿರುವ ಊರು ಜಿದ್ದಾ. ಗ್ರಹಣ ಬಂತೆಂದರೆ ಕಣ್ಣು ಜೋಪಾನ ಎಂದು ಎಲ್ಲರೂ ಹೇಳುತ್ತಾರೆ, ಹೇಳಲೇಬೇಕು. ಲಕ್ಷಗಟ್ಟಲೆ ಬೆಲೆಯ ಕ್ಯಾಮೆರಾವನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬ ಮಾತು ಮಾತ್ರ ಏಳುವುದೇ ಅಪರೂಪ.

ಏಳಬೇಕು ಎನ್ನುವುದಕ್ಕೆ ಅಮೆರಿಕದ ಅನುಭವವೇ ಸಾಕ್ಷಿ. 2017ರ ಆಗಸ್ಟ್ 21ರ ಖಗ್ರಾಸ ಗ್ರಹಣಕ್ಕೆ ಲೆನ್ಸ್‌ರೆಂಟಲ್ಸ್ ಎಂಬ ಸಂಸ್ಥೆ ಕ್ಯಾಮೆರಾ, ಲೆನ್ಸುಗಳನ್ನು ಬಾಡಿಗೆಗೆ ಕೊಟ್ಟಿತ್ತು. ಸೌರ ಫಿಲ್ಟರ್ ಇಲ್ಲದೆ ಬಳಸಬೇಡಿ ಎಂದು ಮೊದಲೇ ಎಚ್ಚರಿಸಿತ್ತು ಕೂಡ. ಆದರೂ ಕೆಲವು ಕ್ಯಾಮೆರಾಗಳು ಶಟರ್ ಸುಟ್ಟುಕೊಂಡು, ಸೆನ್ಸರ್ ಹಾಳುಮಾಡಿಕೊಂಡು ಮರಳಿದವು. ಒಂದು 600 ಮಿ.ಮೀ. ಲೆನ್ಸಿನ ಕಥೆ ಗಮನಿಸುವಂಥದ್ದು. ಅದಕ್ಕೆ ಫಿಲ್ಟರ್ ಹಾಕಲಾಗಿತ್ತು, ಆದರೆ ಹಿಂಭಾಗದ ಖಾನೆಯಲ್ಲಿ. ಕ್ಯಾಮೆರಾ ಉಳಿಯಿತು; ಫಿಲ್ಟರಿಗಿಂತ ಮುಂದಿದ್ದ ಅಪರ್ಚರ್ ಎಲೆಗಳು ಸುಟ್ಟುಹೋದವು.

ಕಾರಣ ಸರಳ ಲೆಕ್ಕದಲ್ಲೇ ಸಿಗುತ್ತದೆ. 600 ಮಿ.ಮೀ., ಎಫ್/4 ಲೆನ್ಸಿನ ಬಾಯಿ ಸುಮಾರು 15 ಸೆಂ.ಮೀ. ಅಗಲ. ಅದರೊಳಗೆ ನುಗ್ಗುವ ಬಿಸಿಲಿನ ಶಕ್ತಿ ಹೆಚ್ಚುಕಡಿಮೆ 17 ವಾಟ್. ಅಷ್ಟೂ ಬಂದು ಬೀಳುವುದು ಐದೂವರೆ ಮಿ.ಮೀ. ಅಗಲದ ಒಂದು ಚುಕ್ಕೆಯ ಮೇಲೆ. ಭೂತಗನ್ನಡಿಯಲ್ಲಿ ಕಾಗದ ಸುಟ್ಟ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಕ್ಕಾಲು ಸೂರ್ಯ ಮುಚ್ಚಿದ ಮೇಲೆ ಭಯವಿಲ್ಲ ಎಂಬುದೂ ತಪ್ಪು ಎಣಿಕೆ: ಬಿಂಬ ಸಣ್ಣದಾಗುತ್ತದೆ, ಅದು ಬಿದ್ದ ಜಾಗದ ಕಾವು ಅಷ್ಟಾಗಿ ಇಳಿಯುವುದಿಲ್ಲ. ಹಾಗಾಗಿ ಬೆಳಕನ್ನು ಲಕ್ಷದಲ್ಲೊಂದು ಪಾಲಿಗೆ ಇಳಿಸುವ ಫಿಲ್ಟರ್ ಲೆನ್ಸಿನ ಮುಂದೆಯೇ ಇರಬೇಕು, ಗಾಳಿಗೆ ಹಾರದಂತೆ ಟೇಪ್ ಹಚ್ಚಿರಬೇಕು. ಅದನ್ನು ತೆಗೆಯಬಹುದಾದದ್ದು ಖಗ್ರಾಸದ ಕೆಲವೇ ನಿಮಿಷ. ಸೂರ್ಯನ ಅಂಚು ಮತ್ತೆ ಮಿನುಗಿದ ಕೂಡಲೇ ಫಿಲ್ಟರ್ ಮರಳಿ ಕೂರಬೇಕು. ಆ ಹೊತ್ತಿಗೆ ಎಲ್ಲರೂ ಮೈಮರೆತಿರುತ್ತಾರಾದ್ದರಿಂದ ಗಡಿಯಾರ ನೋಡುವ ಹೊಣೆಯನ್ನು ಒಬ್ಬರಿಗೆ ಮೊದಲೇ ಒಪ್ಪಿಸಿಬಿಡುವುದು ಒಳ್ಳೆಯದು.

ಲಕ್ಸರ್‌ನಲ್ಲಿ ಇನ್ನೊಂದು ಕಾಟವಿದೆ, ಹೊರಗಿನ ಬಿಸಿ. ಆಗಸ್ಟ್ ಮಧ್ಯಾಹ್ನ ಅಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಅನೇಕ ಕ್ಯಾಮೆರಾಗಳ ಕೈಪಿಡಿ ಹೇಳುವ ಮಿತಿಯೇ 40 ಡಿಗ್ರಿ. ಕಪ್ಪು ಮೈಯ ಕ್ಯಾಮೆರಾ ಬಿಸಿಲಲ್ಲಿ ಗಾಳಿಗಿಂತ ಹೆಚ್ಚು ಕಾಯುತ್ತದೆ, 4ಕೆ ವಿಡಿಯೊ ಒಳಗಿನಿಂದಲೂ ಕಾಯಿಸುತ್ತದೆ. ಕೊನೆಗೆ ಅದು ತಾನಾಗಿ ಆಫ್ ಆಗುತ್ತದೆ, ಬಹುಶಃ ಬೇಕಾದ ಗಳಿಗೆಯಲ್ಲೇ. ಕಾವೇರಿದಂತೆ ಲೆನ್ಸಿನ ಫೋಕಸ್ ಕೂಡ ಸರಿಯುವುದರಿಂದ ಖಗ್ರಾಸಕ್ಕೆ ಮುಂಚೆ ಅದನ್ನು ಮತ್ತೊಮ್ಮೆ ನೋಡಿಕೊಳ್ಳಬೇಕು.

ಇದಕ್ಕೆ ದುಬಾರಿ ಉಪಾಯವೇನೂ ಬೇಡ. ಒಂದು ಕೊಡೆ, ಒಂದು ಬಿಳಿ ಬಟ್ಟೆ ಸಾಕು. ಐಸ್ ತಾಗಿಸುವ ಗೋಜಿಗೆ ಹೋಗಬಾರದು, ತೇವ ಕಟ್ಟಿ ಬೇರೆಯೇ ಅನಾಹುತವಾದೀತು. ಎಲ್ಲಕ್ಕಿಂತ ಮುಖ್ಯವಾಗಿ, ಗಂಟೆಗಟ್ಟಲೆ ಎಡೆಬಿಡದೆ ರೆಕಾರ್ಡ್ ಮಾಡುವ ಹಟ ಬಿಡಬೇಕು. ಖಗ್ರಾಸಕ್ಕೆ ಮೊದಲಿನ ಒಂದು ಗಂಟೆಗೂ ಮೀರಿದ ಪಾರ್ಶ್ವ ಗ್ರಹಣದಲ್ಲಿ ಚಂದ್ರ ಸರಿಯುವುದು ಬಲು ನಿಧಾನ. ಐದು ನಿಮಿಷಕ್ಕೊಮ್ಮೆ ಹತ್ತು ಸೆಕೆಂಡ್ ಚಿತ್ರೀಕರಿಸಿ, ಉಳಿದ ಹೊತ್ತು ಲೆನ್ಸನ್ನು ಸೂರ್ಯನಿಂದ ತಿರುಗಿಸಿ ಮುಚ್ಚಿಟ್ಟರೆ ನೋಡುಗನಿಗೆ ಏನೂ ನಷ್ಟವಿಲ್ಲ.

ಇಲ್ಲಿಂದ ಹೊರಡುವವರಿಗೆ ತಾಲೀಮಿಗೆ ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿದೆ. ಗ್ರಹಣದ ದಿನ ಬಳಸಲಿರುವ ಲೆನ್ಸ್, ಫಿಲ್ಟರ್, ಬ್ಯಾಟರಿಗಳನ್ನೇ ಹೂಡಿ ನಡುಹಗಲಲ್ಲಿ ಮೂರು ತಾಸು ನಿಲ್ಲಿಸಿ, ಎಷ್ಟನೇ ನಿಮಿಷಕ್ಕೆ ಕ್ಯಾಮೆರಾ ಕೈಕೊಡುತ್ತದೆಂದು ಬರೆದಿಟ್ಟುಕೊಳ್ಳಲಿ.