ಗೃಹಾರೋಗ್ಯ ವಿಚಾರ: ಗುಳಿಗೆ ತರುವ ದಾರಿಯಲ್ಲಿ ಇನ್ನೊಂದು ಪರೀಕ್ಷೆ

ನಮ್ಮ ಈ ಪುಟಗಳಲ್ಲಿ ಸಾಮಾನ್ಯವಾಗಿ ಕೂಸುಗಳ ಕೆಮ್ಮು, ಬಾಣಂತಿಯ ಪಥ್ಯ, ಕುಡಿಯುವ ನೀರಿನ ಶುದ್ಧಿ ಮುಂತಾದ, ನಾಲ್ವರ ಮುಂದೆ ಗಟ್ಟಿಯಾಗಿ ಓದಬಹುದಾದ ವಿಷಯಗಳೇ ಬರುತ್ತಿರುವುದು ವಾಚಕರಿಗೆ ತಿಳಿದೇ ಇದೆ. ಈ ತಿಂಗಳಿನ ವಿಷಯವು ಆ ಬಗೆಯದಲ್ಲ. ಮನೆಯ ಹಿರಿಯರು ಮೊದಲು ತಾವೇ ಓದಿಕೊಳ್ಳಲಿ. ಓದಿದ ಮೇಲೆ ಮಡಚಿ ಅಟ್ಟದ ಮೇಲಿಡದೆ ಹೆಣ್ಣುಮಕ್ಕಳ ಕೈಗೆ ಕೊಡಲಿ, ಎಂಬುದೊಂದೇ ನಮ್ಮ ಬಿನ್ನಹ.

ಎಚ್‌ಐವಿ ಸೋಂಕಿನೊಡನೆ ಬಾಳುತ್ತಿರುವ ಸೋದರಿಯರಿಗೆ ಗರ್ಭಕೋಶದ ಕೊರಳಿನ ಕ್ಯಾನ್ಸರ್ ಬರುವ ಭಯವು ಉಳಿದ ಹೆಂಗಸರಿಗಿಂತ ಸುಮಾರು ಆರು ಪಟ್ಟು ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯವರು ಒಪ್ಪಿ ಹೇಳುವ ಲೆಕ್ಕವಿದು. ಅಮೇರಿಕದ ವೈದ್ಯಾಧಿಕಾರಿಗಳು 1993ರಷ್ಟು ಹಿಂದೆಯೇ ಈ ಕ್ಯಾನ್ಸರನ್ನು ಏಡ್ಸ್‌ನ ಲಕ್ಷಣ ರೋಗಗಳ ಪಟ್ಟಿಯಲ್ಲಿ ಸೇರಿಸಿದರು. ಹೀಗಿದ್ದರೂ ನಮ್ಮ ಕಡೆಯ ಹಳ್ಳಿಗಳಲ್ಲಿ ಈ ಸಂಬಂಧವನ್ನು ಕೇಳಿ ಬಲ್ಲವರು ಬಹಳ ವಿರಳ.

ತುಂಗಭದ್ರೆಯ ದಂಡೆಯ ಐರಣಿಯಲ್ಲಾಗಲಿ, ರಾಣೆಬೆನ್ನೂರು ಬ್ಯಾಡಗಿ ಸೀಮೆಯ ಇನ್ನಾವ ಊರಿನಲ್ಲಾಗಲಿ, ಇಂಥ ಸೋದರಿಯೊಬ್ಬಳ ದಿನಚರಿಯನ್ನು ಊಹಿಸಿಕೊಳ್ಳಿರಿ. ಗಂಡನಿಂದ ಬಂದ ಸೋಂಕು. ನಮ್ಮ ಗೃಹಿಣಿಯರಲ್ಲಿ ಬಹುಪಾಲು ಜನರಿಗೆ ಅದು ಬಂದಿರುವುದು ಹಾಗೆಯೇ. ಗಂಡನು ಇದ್ದಾನೆ, ಇಲ್ಲವೆ ತೀರಿಕೊಂಡಿದ್ದಾನೆ. ಆಕೆಯು ಬೀಜೋತ್ಪಾದನೆಯ ಹೊಲದಲ್ಲಿ ಹೂವಿನ ಕ್ರಾಸಿಂಗ್ ಕೆಲಸಕ್ಕೋ, ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವುದಕ್ಕೋ ಹೋಗುತ್ತಾಳೆ. ತಿಂಗಳಿಗೊಮ್ಮೆಯೋ, ಎರಡು ಮೂರು ತಿಂಗಳಿಗೊಮ್ಮೆಯೋ ಕೂಲಿ ಬಿಟ್ಟು, ಕೇಳಿದವರಿಗೆ ತವರಿನ ನೆಪವನ್ನೋ ಸಂತೆಯ ನೆಪವನ್ನೋ ಹೇಳಿ, ಬಸ್ಸು ಹಿಡಿದು ಎ.ಆರ್.ಟಿ. ಕೇಂದ್ರಕ್ಕೆ ಹೋಗಿ ಗುಳಿಗೆ ತರುತ್ತಾಳೆ. ಅಲ್ಲಿ ಆಕೆಯ ತೂಕ ನೋಡುವರು, ರಕ್ತ ನೋಡುವರು, ಕೆಮ್ಮಿದೆಯೇ ಎಂದು ಕೇಳುವರು. ಗರ್ಭಕೋಶದ ಮಾತು ಬರುವುದು ಅಪರೂಪ. ಆಕೆಯಾಗಿ ಅದನ್ನು ಎತ್ತುವುದಂತೂ ಇಲ್ಲವೇ ಇಲ್ಲ. "ಗುಳಿಗೆ ನುಂಗುತ್ತಿರುವೆನಲ್ಲ, ಮೈಯೂ ತುಂಬಿಕೊಂಡಿದೆಯಲ್ಲ, ಇನ್ನೇನು?" ಎಂಬುದು ಆಕೆಯ ಸಮಾಧಾನ.

ಆ ಗುಳಿಗೆಯ ಉಪಕಾರವನ್ನು ನಾವು ಕಡಿಮೆಮಾಡಿ ಹೇಳುವುದಿಲ್ಲ. ನಮ್ಮ ದೇಶದಲ್ಲಿ ಈ ಸೋಂಕು ಮೊದಲು ಕಂಡುಬಂದುದು 1986ರಲ್ಲಿ, ಮದ್ರಾಸಿನಲ್ಲಿ, ಡಾಕ್ಟರ್ ಸುನೀತಿ ಸೊಲೊಮನ್ ಅವರ ಮೇಲ್ವಿಚಾರಣೆಯಲ್ಲಿ ನಡೆದ ರಕ್ತಪರೀಕ್ಷೆಯಿಂದ. ಅಲ್ಲಿಂದ ಹದಿನೆಂಟು ವರ್ಷಗಳ ಕಾಲ, ಔಷಧವಿದ್ದರೂ ಬಡವರ ಕೈಗೆಟುಕದೆ, ಇದು ಸಾವಿನ ಹೆಸರೇ ಆಗಿತ್ತು. 2004ರ ಏಪ್ರಿಲ್ 1ರಂದು ಸರಕಾರವು ಉಚಿತ ಚಿಕಿತ್ಸೆಯನ್ನು ಆರಂಭಿಸಿತು. 2017ರಿಂದ ಸೋಂಕು ಕಂಡೊಡನೆಯೇ ಗುಳಿಗೆ ಕೊಡುವ ಕ್ರಮ ಬಂದಿತು. ಮೂವತ್ತರ ಒಳಗೆ ಮಣ್ಣಾಗುತ್ತಿದ್ದವರು ಇಂದು ಐವತ್ತನ್ನು ದಾಟಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ. ಹುಟ್ಟಿನಿಂದಲೇ ಸೋಂಕು ಪಡೆದ ಹೆಣ್ಣುಕೂಸುಗಳು ಬೆಳೆದು ಗೃಹಿಣಿಯರಾಗಿದ್ದಾರೆ. ಆದರೆ ಆಯುಷ್ಯವು ಬೆಳೆದಂತೆ, ನಿಧಾನವಾಗಿ ಬಲಿಯುವ ಬೇರೊಂದು ರೋಗಕ್ಕೂ ಕಾಲಾವಕಾಶ ದೊರೆತಂತಾಯಿತು. ಗುಳಿಗೆಯು ಈ ಭಯವನ್ನು ತಗ್ಗಿಸುವುದೇ ಹೊರತು ತೊಡೆದುಹಾಕುವುದಿಲ್ಲ.

ಕಾರಣವನ್ನು ವಾಚಕರು ತಿಳಿಯತಕ್ಕದ್ದು. ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ಮೂಲವು ಎಚ್.ಪಿ.ವಿ. ಎಂಬ ವೈರಸ್ಸು. ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಎಂಬ ಪಂಡಿತರು 1983ರಲ್ಲಿ ಅದರ ಮುಖ್ಯ ಜಾತಿಯನ್ನು ಗುರುತಿಸಿದರು. ಅದಕ್ಕಾಗಿ 2008ರಲ್ಲಿ ನೊಬೆಲ್ ಪಾರಿತೋಷಕವನ್ನೂ ಪಡೆದರು. ದಾಂಪತ್ಯದಿಂದ ಹರಡುವ ಈ ವೈರಸ್ಸು ಸಂಸಾರಸ್ಥರಲ್ಲಿ ಬಹುಜನರನ್ನು ಒಂದಲ್ಲ ಒಂದು ಕಾಲಕ್ಕೆ ಮುಟ್ಟಿಯೇ ತೀರುವುದು. ಇದರಲ್ಲಿ ನಡತೆಯ ಪ್ರಶ್ನೆಯನ್ನು ಎಳೆದುತರುವವರು ಅಜ್ಞಾನವನ್ನು ಪ್ರದರ್ಶಿಸುವರಷ್ಟೆ. ಸಾಮಾನ್ಯ ದೇಹಶಕ್ತಿಯುಳ್ಳವರಲ್ಲಿ ಅದು ಒಂದೆರಡು ವರ್ಷಗಳಲ್ಲಿ ತಾನಾಗಿ ತೊಲಗುವುದು. ಎಲ್ಲಿಯೋ ಕೆಲವರಲ್ಲಿ ಮಾತ್ರ ಉಳಿದು, ಹದಿನೈದರಿಂದ ಇಪ್ಪತ್ತು ವರ್ಷಗಳಲ್ಲಿ ಕ್ಯಾನ್ಸರಾಗಿ ಬಲಿಯುವುದು. ಎಚ್‌ಐವಿಯು ದೇಹದ ಕಾವಲನ್ನೇ ಕೆಡಿಸುವುದರಿಂದ, ಅಂಥವರಲ್ಲಿ ಈ ಎರಡನೆಯ ವೈರಸ್ಸು ಸುಲಭವಾಗಿ ಬೇರೂರುವುದು. ಚಿಕಿತ್ಸೆಯಿಲ್ಲದೆ ದೇಹಶಕ್ತಿಯು ಕುಂದಿದವರಲ್ಲಿ ಇಪ್ಪತ್ತು ವರ್ಷಗಳ ದಾರಿಯನ್ನು ರೋಗವು ಐದರಿಂದ ಹತ್ತು ವರ್ಷಗಳಲ್ಲಿಯೇ ಕ್ರಮಿಸಬಲ್ಲುದು.

ಆದರೂ ಐದು ವರ್ಷವೆಂಬುದು ಚಿಕ್ಕ ಅವಧಿಯಲ್ಲ. ಅಷ್ಟು ಕಾಲವೂ ಅದು ಕ್ಯಾನ್ಸರಲ್ಲ, ಕ್ಯಾನ್ಸರಾಗಲಿರುವ ಮಚ್ಚೆ ಮಾತ್ರ, ನೋವಿಲ್ಲ, ಸ್ರಾವವಿಲ್ಲ. ಮುಟ್ಟಿನ ನಡುವೆಯೋ, ದಾಂಪತ್ಯದ ಬಳಿಕವೋ, ಮುಟ್ಟು ನಿಂತ ಮೇಲೆಯೋ ರಕ್ತ ಕಾಣುವುದು, ದುರ್ಗಂಧದ ಬಿಳಿಸೆರಗು ಹೋಗುವುದು, ಇವೆಲ್ಲವೂ ಬಹುತೇಕ ರೋಗವು ಬಲಿತ ಮೇಲಿನ ಮಾತು. ಲಕ್ಷಣಕ್ಕಾಗಿ ಕಾಯುವವರು ಆ ಐದು ವರ್ಷಗಳನ್ನು ಸುಮ್ಮನೆ ಕಳೆದುಕೊಳ್ಳುವರು. ನಮ್ಮ ದೇಶದಲ್ಲಿ 2022ರ ಅಂದಾಜಿನಂತೆ ಒಂದೇ ವರ್ಷದಲ್ಲಿ ಸುಮಾರು 1,27,000 ಹೆಂಗಸರಿಗೆ ಈ ರೋಗವು ಹೊಸದಾಗಿ ಬಂದಿತು. ಸುಮಾರು 80,000 ಮಂದಿ ಅದರಿಂದ ಮಡಿದರು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮೂವತ್ತರಿಂದ ನಲವತ್ತೊಂಬತ್ತು ವಯಸ್ಸಿನ ಸ್ತ್ರೀಯರ ಪೈಕಿ ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಿಕೊಂಡಿದ್ದವರು ನೂರಕ್ಕೆ ಇಬ್ಬರೂ ಪೂರ್ತಿಯಾಗಿ ಇರಲಿಲ್ಲ.

ಪರೀಕ್ಷೆಯಾದರೋ ಎಷ್ಟು ಸುಲಭವೆಂದರೆ, ಭಯಪಟ್ಟುದಕ್ಕೆ ಅನಂತರ ನಗು ಬರುವಷ್ಟು. ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ರೂಢಿಯಲ್ಲಿರುವುದು ವಿ.ಐ.ಎ. ಎಂಬ ಕ್ರಮ. ಹೆಣ್ಣುಮಗಳನ್ನು ಮಂಚದ ಮೇಲೆ ಮಲಗಿಸಿ, ಒಳಭಾಗವನ್ನು ಉಪಕರಣದಿಂದ ತುಸು ಅಗಲಿಸಿ, ಅಸಿಟಿಕ್ ಆಮ್ಲದ ಸೌಮ್ಯ ದ್ರಾವಣವನ್ನು, ಎಂದರೆ ಅಡುಗೆಗೆ ಬಳಸುವ ವಿನೆಗರಿನಂಥದನ್ನೇ, ಹತ್ತಿಯಿಂದ ಗರ್ಭಕೋಶದ ಕೊರಳಿಗೆ ಸವರುವರು. ಒಂದು ನಿಮಿಷ ಕಾಯುವರು. ಕೆಟ್ಟ ಭಾಗವಿದ್ದರೆ ಅದು ಬೆಳ್ಳಗಾಗಿ ಬರಿಗಣ್ಣಿಗೇ ಕಾಣುವುದು. ಸೂಜಿಯಿಲ್ಲ, ಮಂಪರಿಲ್ಲ, ಸ್ವಲ್ಪ ಉರಿದಂತಾಗಬಹುದು. ಮುಟ್ಟಿನ ದಿನಗಳನ್ನು ಬಿಟ್ಟು ಹೋಗಬೇಕು, ಅಷ್ಟೆ. ಬೆಳ್ಳಗಾದುದೆಲ್ಲ ಕ್ಯಾನ್ಸರಲ್ಲ, ಬರಿಯ ಉರಿಯೂತವೂ ಹಾಗೆ ಕಾಣಬಹುದೆಂಬುದನ್ನು ಮೊದಲೇ ತಿಳಿದಿದ್ದರೆ ಆ ಮಾತು ಕೇಳಿದೊಡನೆ ಎದೆ ಒಡೆಯಲಾರದು. ಮುಟ್ಟು ನಿಂತವರಲ್ಲಿ ಈ ಕ್ರಮವು ಅಷ್ಟು ಸಮರ್ಪಕವಲ್ಲ. ಎಚ್.ಪಿ.ವಿ.ಯನ್ನೇ ಹುಡುಕುವ ಪರೀಕ್ಷೆಯು ಇದಕ್ಕಿಂತ ಶ್ರೇಷ್ಠವಾದರೂ ಬೆಲೆ ಹೆಚ್ಚು, ಎಲ್ಲೆಡೆಯೂ ದೊರೆಯದು. ಅದಕ್ಕೆ ಬೇಕಾದ ದ್ರವವನ್ನು ಮಾತ್ರ ಹೆಣ್ಣುಮಗಳು ಮರೆಯಲ್ಲಿ ನಿಂತು ತಾನೇ ತೆಗೆದುಕೊಡಬಹುದು. ಲಜ್ಜೆಯುಳ್ಳವರಿಗೆ ಇದು ದೊಡ್ಡ ಅನುಕೂಲ.

ಈ ಪರೀಕ್ಷೆಗಳಿಂದ ಜೀವಗಳು ಉಳಿಯುವವೆಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಮುಂಬಯಿಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು, ಹತ್ತನೆಯ ಇಯತ್ತೆ ಓದಿದ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ಅವರಿಂದಲೇ ವಿನೆಗರಿನ ಪರೀಕ್ಷೆ ಮಾಡಿಸಿದರು. ಹನ್ನೆರಡು ವರ್ಷಗಳ ಬಳಿಕ ನೋಡಲಾಗಿ ಈ ರೋಗದ ಸಾವುಗಳು ನೂರಕ್ಕೆ 31ರಷ್ಟು ಇಳಿದಿದ್ದವು. ನಮ್ಮ ಬೀದರ, ಕಲಬುರ್ಗಿ ಜಿಲ್ಲೆಗಳ ಎಲ್ಲೆಗೆ ಹತ್ತಿದ ಉಸ್ಮಾನಾಬಾದ ಜಿಲ್ಲೆಯಲ್ಲಿ ಸುಮಾರು 1,31,000 ಹಳ್ಳಿಯ ಹೆಂಗಸರನ್ನು ಕುರಿತು ನಡೆದ ಸಂಶೋಧನೆಯು 2009ರಲ್ಲಿ ಪ್ರಕಟವಾಯಿತು. ಒಂದೇ ಒಂದು ಸಲ ಎಚ್.ಪಿ.ವಿ. ಪರೀಕ್ಷೆಯಾದ ಗುಂಪಿನಲ್ಲಿ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಇವು ಸಾಮಾನ್ಯ ಸ್ತ್ರೀಯರ ಲೆಕ್ಕಗಳು. ಎಚ್‌ಐವಿ ಇರುವವರಿಗೆಂದೇ ಪುಣೆಯ ಪ್ರಯಾಸ್ ಸಂಸ್ಥೆಯವರು ಸಾವಿರಕ್ಕೂ ಮಿಕ್ಕಿದ ಸೋದರಿಯರನ್ನು ಪರೀಕ್ಷಿಸಿ, ನಮ್ಮಂಥ ದೇಶದಲ್ಲಿ ಈ ಕೆಲಸವು ಸಾಧ್ಯವೆಂದು ತೋರಿಸಿದರು.

ಹಾಗಾದರೆ ತೊಡಕೆಲ್ಲಿ? ವಯಸ್ಸಿನ ಲೆಕ್ಕದಲ್ಲಿ ಒಂದು ತೊಡಕಿದೆ. ನಮ್ಮ ಸರಕಾರದ ಸಾಮಾನ್ಯ ಕಾರ್ಯಕ್ರಮವು 2016ರ ನಿಯಮದಂತೆ ಮೂವತ್ತರಿಂದ ಅರವತ್ತೈದು ವಯಸ್ಸಿನವರಿಗೆ, ಐದು ವರ್ಷಕ್ಕೊಮ್ಮೆ. ಎಚ್‌ಐವಿ ಇರುವವರಿಗೆ ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಹೇಳಿದುದು ಇಪ್ಪತ್ತೈದರಿಂದಲೇ, ಮೂರರಿಂದ ಐದು ವರ್ಷಗಳಿಗೊಮ್ಮೆ. ಇಪ್ಪತ್ತಾರರ ಸೊಸೆಯೊಬ್ಬಳು ಊರಿನ ಶಿಬಿರಕ್ಕೆ ಹೋದರೆ "ನಿನಗಿನ್ನೂ ವಯಸ್ಸಾಗಿಲ್ಲವಮ್ಮ" ಎಂದು ಹಿಂದಕ್ಕೆ ಕಳುಹಿಸಬಹುದು. ತನಗೇಕೆ ಈಗಲೇ ಬೇಕೆಂಬುದನ್ನು ಆಕೆಯು ಅಲ್ಲಿ ಹೇಳಬೇಕಾದರೆ, ನೆರೆಮನೆಯವರ ಕಿವಿಗೆ ಬೀಳುವಂತೆ ತನ್ನ ಗುಟ್ಟನ್ನು ಒಡೆಯಬೇಕು. ಆಕೆಯು ಹೇಳುವುದಿಲ್ಲ, ಸುಮ್ಮನೆ ಮನೆಗೆ ಬರುವಳು. ಹೇಳದಿದ್ದುದು ತಪ್ಪೆಂದು ನಾವೂ ಅನ್ನಲಾರೆವು.

ಆದುದರಿಂದಲೇ ನಮ್ಮ ಅಭಿಪ್ರಾಯವಿಷ್ಟು: ಈ ಮಾತನ್ನು ಎತ್ತಬೇಕಾದ ಸ್ಥಳವು ಗುಳಿಗೆ ಕೊಡುವ ಕೇಂದ್ರವೇ. ಅಲ್ಲಿಯವರಿಗೆ ಆಕೆಯ ಗುಟ್ಟು ಮೊದಲೇ ಗೊತ್ತು; ಹೊಸಬರಿಗೆ ಹೇಳುವ ಪ್ರಸಂಗವಿಲ್ಲ, ಇನ್ನೊಂದು ದಿನದ ಕೂಲಿಯೂ ಹೋಗದು. ಆಫ್ರಿಕದ ಜಾಂಬಿಯಾ ದೇಶದವರು 2006ರಲ್ಲಿಯೇ ಹೀಗೆ ಮಾಡಿದರು. ಎಚ್‌ಐವಿ ಚಿಕಿತ್ಸಾಲಯಗಳ ಮಗ್ಗುಲಲ್ಲಿಯೇ ನರ್ಸುಗಳ ಕೈಯಿಂದ ವಿನೆಗರಿನ ಪರೀಕ್ಷೆಯನ್ನು ಆರಂಭಿಸಿದರು. ಅದರ ಬಾಗಿಲನ್ನು ಸೋಂಕಿದ್ದವರಿಗೂ ಇಲ್ಲದವರಿಗೂ ತೆರೆದಿಟ್ಟರು. ಎಲ್ಲರೂ ನಿಂತ ಸಾಲಿನಲ್ಲಿ ಯಾರು ಯಾತಕ್ಕೆ ನಿಂತರೆಂಬುದು ಯಾರಿಗೂ ತಿಳಿಯದು. ಈ ಜಾಣತನಕ್ಕೆ ನಾವು ತಲೆದೂಗುವೆವು. ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ಗುಳಿಗೆಯ ಕೋಣೆಗೂ ಹೆಂಗಸರ ತಪಾಸಣೆಯ ಕೋಣೆಗೂ ನಡುವೆ ಇರುವುದು ಕೆಲವೇ ಹೆಜ್ಜೆಗಳು. ಜೊತೆಗೆ ಕರೆದೊಯ್ಯುವವರು ಬೇಕು. ಯಾರೂ ಹೇಳದಿದ್ದರೆ ಸೋದರಿಯೇ ಕೇಳಲಿ: "ನನಗೆ ಗರ್ಭಕೋಶದ ಕೊರಳಿನ ಪರೀಕ್ಷೆ ಯಾವಾಗ?" ಎಂಬ ಒಂದು ಮಾತು ಸಾಕು. ಆಕೆಯ ಸ್ಥಿತಿಯನ್ನು ಆಕೆಯ ಒಪ್ಪಿಗೆಯಿಲ್ಲದೆ ಹೊರಗೆ ಹೇಳುವುದನ್ನೂ, ಆ ಕಾರಣದಿಂದ ಚಿಕಿತ್ಸೆಯನ್ನು ನಿರಾಕರಿಸುವುದನ್ನೂ 2017ರ ಎಚ್‌ಐವಿ ಕಾಯಿದೆಯು ನಿಷೇಧಿಸಿದೆ. ಅದು 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ.

ಮನೆಯವರ ಪಾಲಿಗೂ ಕೆಲಸವುಂಟು. ಮಚ್ಚೆಯು ಚಿಕ್ಕದಿದ್ದರೆ ಶಾಖದಿಂದಲೋ ತೀವ್ರ ಶೈತ್ಯದಿಂದಲೋ ಕೆಲವು ನಿಮಿಷಗಳಲ್ಲಿ ಅದನ್ನು ಸುಡುವರು. ದೊಡ್ಡದಿದ್ದರೆ ವಿದ್ಯುತ್ತಿನ ತಂತಿಯಿಂದ ಕೊರೆದು ತೆಗೆಯುವರು. ಗರ್ಭಕೋಶವನ್ನೇ ತೆಗೆಯುವುದು ಸಾಮಾನ್ಯವಾಗಿ ಬೇಕಾಗದು. ಇಷ್ಟಕ್ಕೇ ಹೆದರಿ ಸಿಕ್ಕ ಸಿಕ್ಕಲ್ಲಿ ಆಪರೇಶನ್ ಮಾಡಿಸಿಕೊಳ್ಳುವ ನಮ್ಮ ಕಡೆಯ ಚಾಳಿಯನ್ನು ಕಂಡರೆ ನಮಗೆ ವ್ಯಥೆಯಾಗುವುದು. ಕ್ಯಾನ್ಸರೇ ಎಂದು ಖಚಿತವಾದರೆ ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ, ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯಿದೆ. ಎಚ್‌ಐವಿ ಇದ್ದವರಿಗೂ ಚಿಕಿತ್ಸೆಯುಂಟು. ಮಚ್ಚೆ ಸುಟ್ಟ ಬಳಿಕ ಕೆಲವು ವಾರ ನೀರಿನಂಥ ಸ್ರಾವವಿರುವುದು. ಆ ಗಾಯವು ಮಾಯುವವರೆಗೆ, ಎಂದರೆ ನಾಲ್ಕರಿಂದ ಆರು ವಾರ, ದಂಪತಿಗಳು ದೂರವಿರಬೇಕು. ಇದನ್ನು ಹೆಂಡತಿಗೆ ಮಾತ್ರ ಹೇಳಿ ಕಳುಹಿಸಿದರೆ ಫಲವಿಲ್ಲ. ಗಂಡನಿಗೆ ವೈದ್ಯರೇ ತಿಳಿಯಹೇಳುವುದು ಲೇಸು. ಅತ್ತೆಯವರು ಆ ದಿನಗಳಲ್ಲಿ ನೀರಿನ ಕೊಡವನ್ನೂ ಹೊಲದ ಕೆಲಸವನ್ನೂ ಬೇರೆಯವರಿಗೆ ಹಂಚಿದರೆ, ಕಾರಣ ಕೇಳದೆ ಹಂಚಿದರೆ, ಅದು ದೊಡ್ಡ ಔಷಧ.

ಒಮ್ಮೆ ಸುಟ್ಟ ಮಚ್ಚೆಯು ಎಚ್‌ಐವಿ ಇರುವವರಲ್ಲಿ ಮತ್ತೆ ಬರುವ ಸಂಭವ ಹೆಚ್ಚಾದುದರಿಂದ, ಹನ್ನೆರಡು ತಿಂಗಳಿಗೆ ಒಂದು ಮರುಪರೀಕ್ಷೆ, ಅದು ಸರಿಯಿದ್ದರೆ ಇನ್ನು ಹನ್ನೆರಡು ತಿಂಗಳಿಗೆ ಮತ್ತೊಂದು, ಆ ಬಳಿಕವೇ ಮೂರು ವರ್ಷಗಳ ಸರದಿ. ತಾರೀಖನ್ನು ಚಿಕಿತ್ಸೆಯ ಪುಸ್ತಕದ ಹಿಂಬದಿಯಲ್ಲಿಯೇ ಬರೆಯಿಸಿಕೊಳ್ಳತಕ್ಕದ್ದು. ಗುಳಿಗೆಗೆ ಹೋದಾಗಲೆಲ್ಲ ಆ ಪುಸ್ತಕವು ಹೇಗೂ ಕೈಯಲ್ಲಿರುವುದು.