ಹಂಪಿಯ ಹೆಸರು ಬೇಕು, ಹಂಪಿಯ ನುಡಿ ಬೇಡವೇ?

ಬೆಂಗಳೂರಿನ ಗೆಳೆಯರೇ, ಶನಿವಾರ ಬಂತೆಂದರೆ ನಂದಿ ಬೆಟ್ಟದ ದಾರಿ ಹಿಡಿದು ವೈನ್ ತೋಟ ನೋಡಿ ಬರುತ್ತೀರಿ. ಹೋಗಿ ಬನ್ನಿ, ನಾನು ಬೇಡ ಎನ್ನುವವನಲ್ಲ. ಆದರೆ ಆ ತೋಟ ಯಾರದು, ಸೀಸೆಯ ಮೇಲಿನ ಅಕ್ಷರ ಯಾರದು ಎಂದು ಒಮ್ಮೆಯಾದರೂ ಕೇಳಿದ್ದೀರಾ?

ದೊಡ್ಡಬಳ್ಳಾಪುರದ ಬಳಿ ಕನ್ವಲ್ ಗ್ರೋವರ್ ಬಳ್ಳಿ ನೆಟ್ಟಿದ್ದು 1988ರಲ್ಲಿ. ಬಳ್ಳಿ ಫ್ರಾನ್ಸಿನದು. ಸಲಹೆಗೆ ಬಂದ ಮಿಶೆಲ್ ರೋಲಾಂ ಫ್ರಾನ್ಸಿನವರು. ಕೆಂಪು ವೈನ್ ಮಾಗುವ ಓಕ್ ಪೀಪಾಯಿಯೂ ಅಲ್ಲಿಯದೇ. ಹೆಸರಂತೂ 'ಲಾ ರಿಸರ್ವ್'! 2012ರಲ್ಲಿ ನಾಸಿಕದ ಕಂಪನಿಯೊಡನೆ ಕೂಡಿ ಅದು ಗ್ರೋವರ್ ಜಂಪಾ ಆಯಿತು. ನಮ್ಮದೆಂದು ಉಳಿದದ್ದು ಮಣ್ಣು, ನೀರು, ಕತ್ತರಿ ಹಿಡಿದು ಗೊನೆ ಕೊಯ್ಯುವ ಕೈ. ಅವರ ಕಸುಬನ್ನು ಹೀಗಳೆಯುತ್ತಿಲ್ಲ. ಪೀಪಾಯಿಯ ಮರದೊಳಗಿಂದ ಗಾಳಿ ಸಣ್ಣಗೆ ಆಡಿ ಒಗರು ಮೆತ್ತಗಾಗಲು ತಿಂಗಳುಗಟ್ಟಲೆ ಕಾಯಬೇಕು. ಅಷ್ಟು ತಾಳ್ಮೆ ಇದ್ದವರಿಗೆ ಸೀಸೆಯ ಮುಖದ ಮೇಲೆ ಕನ್ನಡ ಹೆಸರು ಹಾಕಿಸಲು ಪುರುಸೊತ್ತಿಲ್ಲವೇ?

ಚಿಕ್ಕಬಳ್ಳಾಪುರ, ದೇವನಹಳ್ಳಿಯ ರೈತರು ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅದು ಹೋಗುವುದು ರಸಕ್ಕೆ, ಅಗ್ಗದ ಸಿಹಿ ವೈನಿಗೆ. ಮಾಗಿದ ದುಬಾರಿ ಸೀಸೆಯಲ್ಲಿ ಅದಕ್ಕೆ ಜಾಗವಿಲ್ಲ.

ನಮ್ಮ ಕಡೆ ಬನ್ನಿ. ಚಿಕ್ಕನರಗುಂದದಿಂದ ರೋಣ, ಗಜೇಂದ್ರಗಡ ದಾಟಿದರೆ ಕೊಪ್ಪಳ ಜಿಲ್ಲೆ. ಅಲ್ಲಿ ಹೈದರಾಬಾದಿನ ಔಷಧ ಉದ್ಯಮಿ ಕೃಷ್ಣಪ್ರಸಾದ್ ಚಿಗುರುಪಾಟಿ ಮತ್ತು ಉಮಾ ದಂಪತಿಯ ತೋಟ. ಇಬ್ಬರ ಹೆಸರು ಕೂಡಿಸಿ 'ಕೃಸ್ಮಾ', ಊರಿನ ಹೆಸರಾಗಿ 'ಹಂಪಿ ಹಿಲ್ಸ್'. ಹಂಪಿಯ ಹೆಸರಿನಿಂದ ಬೆಲೆ ಕಟ್ಟಿಕೊಳ್ಳುವವರು ಹಂಪಿಯ ನುಡಿಗೂ ಬೆಲೆ ಕೊಡಬೇಕಲ್ಲವೇ?

ಅಕ್ಷರದ ಮಾತು ಇಷ್ಟಾಯಿತು, ನೆಲದ್ದು ಇನ್ನೂ ದೊಡ್ಡದು. 1974ರಲ್ಲಿ ಉಳುವವನೇ ಒಡೆಯ ಎಂದ ರಾಜ್ಯವಿದು. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳನ್ನೇ ಕಿತ್ತು ಹಾಕಿದರು. ರೈತನಲ್ಲದವನೂ ದುಡ್ಡಿದ್ದರೆ ಹೊಲ ಕೊಳ್ಳಲು ದಾರಿ ತೆರೆಯಿತು. 1980ರಲ್ಲಿ ಇದೇ ನರಗುಂದದಲ್ಲಿ ಕರದ ವಿರುದ್ಧ ಎದ್ದು ಗುಂಡಿಗೆ ಎದೆಕೊಟ್ಟ ರೈತರ ಮಕ್ಕಳು ನಾಳೆ ತಮ್ಮದೇ ಹೊಲದಲ್ಲಿ ದಿನಗೂಲಿ ಆಗಬೇಕೇ?

ನಾನು ಅಚ್ಚುಮನೆಯವನು. ಲೇಬಲ್ಲಿಗೆ ಒಂದು ಸಾಲು ಕನ್ನಡ ಸೇರಿಸಿದರೆ ಪ್ಲೇಟೂ ಅದೇ, ಕಾಗದವೂ ಅದೇ. ಖರ್ಚಿನ ನೆಪ ನನ್ನ ಮುಂದೆ ನಡೆಯದು! 2024ರ ಮಾರ್ಚ್‌ನಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಜಾರಿಯಾಯಿತು. ಇಲ್ಲಿ ತಯಾರಾದ ವಸ್ತುವಿನ ಮೇಲೆ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು 2025ರ ಫೆಬ್ರವರಿಯಲ್ಲಿ ಸರಕಾರ ಸೂಚಿಸಿತು. ವೈನಿನ ಲೇಬಲ್ಲಿಗೆ ಒಪ್ಪಿಗೆ ಕೊಡುವುದು ಅಬಕಾರಿ ಇಲಾಖೆ. ಮುಂದಿನ ಸಲ ಸೀಸೆ ಕೈಗೆ ಬಂದರೆ ತಿರುಗಿಸಿ ನೋಡಿ. ಹೆಸರು ಕನ್ನಡದಲ್ಲಿ ಇಲ್ಲದಿದ್ದರೆ ಇಲಾಖೆಗೆ ಒಂದು ಕಾಗದ ಬರೆಯಿರಿ, ಕನ್ನಡದಲ್ಲೇ.